ಹಗಲು ನಿದ್ದೆಗೆ ಬ್ಲ್ಯಾಕೌಟ್ ಪರದೆ: ರಾತ್ರಿ ಪಾಳಿಯ ನರ್ಸ್ ಒಬ್ಬರ ವಿಮರ್ಶೆ

ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಬ್ಲ್ಯಾಕೌಟ್ ಪರದೆ ಬಟ್ಟೆಯು ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ವಾರ್ಡಿನಲ್ಲಿ ದುಡಿದು, ಊರೆಲ್ಲ ಕೆಲಸಕ್ಕೆ ಹೊರಡುವ ಹೊತ್ತಿನಲ್ಲಿ ಮಲಗಬೇಕಾದ ನರ್ಸುಗಳಿಗೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇನೆ. ನಾನೂ ಅದೇ ಪಾಳಿಯವಳು. ಮಲಗುವ ಕೋಣೆಯ ಪೂರ್ವದಿಕ್ಕಿನ ಕಿಟಕಿಗೆ ಈ ಪರದೆ ಹಾಕಿಸಿ ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ಕಳೆದಿದ್ದೇನೆ.

ನಮ್ಮ ರೆಟಿನಾದಲ್ಲಿ, ಹೊರಗೆ ಹಗಲೋ ಇರುಳೋ ಎಂಬುದನ್ನು ಮಿದುಳಿಗೆ ತಿಳಿಸುವುದೇ ಮುಖ್ಯ ಕೆಲಸವಾಗಿರುವ ಕೋಶಗಳಿವೆ. ಸುಮಾರು 480 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ, ಬೆಳಗಿನ ಆಕಾಶದಲ್ಲಿ ಆ ಬೆಳಕಿಗೆ ಕೊರತೆಯಿಲ್ಲ. ಆದ್ದರಿಂದ ದೇಹ ಎಷ್ಟೇ ದಣಿದಿದ್ದರೂ ಒಳಗಿನ ಗಡಿಯಾರ ಎಚ್ಚರದ ಕಡೆಗೇ ಎಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ, ಈ ಗಡಿಯಾರವನ್ನು ಕೆಡಿಸುವ ಪಾಳಿ ಕೆಲಸವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿತು. 2019ರ ಮರುಪರಿಶೀಲನೆಯಲ್ಲಿ ರಾತ್ರಿ ಪಾಳಿಯನ್ನು ಅದೇ ಗುಂಪಿನಲ್ಲಿ ಇರಿಸಿತು. ಒಂದು ಪರದೆಯಿಂದ ಆ ಅಪಾಯ ಕಳೆಯುತ್ತದೆಂದು ಅಂಗಡಿಯವರು ಹೇಳಿದರೆ ನಂಬಬೇಕಾಗಿಲ್ಲ. ನಿದ್ದೆಯ ಅವಧಿ ಸ್ವಲ್ಪ ಹಿಗ್ಗಿದರೆ ಅದೇ ಇದರ ಬೆಲೆಗೆ ಸಾಕಷ್ಟು ಪ್ರತಿಫಲ.

ಬಟ್ಟೆಯಲ್ಲಿ ಎರಡು ಬಗೆಯಿದೆ. ನಡುವೆ ಕಪ್ಪು ನೂಲಿಟ್ಟು ದಟ್ಟವಾಗಿ ನೇಯ್ದದ್ದು ಒಂದು, ಹಿಂಬದಿಗೆ ಲೇಪನ ಕೊಟ್ಟದ್ದು ಇನ್ನೊಂದು. ಲೇಪನದ್ದು ಬೆಳಕನ್ನು ಹೆಚ್ಚು ತಡೆಯುತ್ತದೆ, ಆದರೆ ಹೊಸತರಲ್ಲಿ ವಾಸನೆ ಹೊಡೆಯುತ್ತದೆ, ಹಿಂಡಿ ಒಗೆದರೆ ಲೇಪನ ಬಿರಿಯುತ್ತದೆ. ನಾನು ನೇಯ್ಗೆಯದನ್ನು ಆರಿಸಿಕೊಂಡೆ. ಕಡುನೀಲಿ ಬಣ್ಣದ ಆ ಬಟ್ಟೆ ಹಲವು ಒಗೆತಗಳ ನಂತರವೂ ಸಡಿಲವಾಗಿಲ್ಲ. ‘ನೂರಕ್ಕೆ ನೂರು ಕತ್ತಲೆ’ ಎಂಬ ಚೀಟಿಯನ್ನು ಮಾತ್ರ ಗಂಭೀರವಾಗಿ ಪರಿಗಣಿಸಬೇಡಿ.

ಏಕೆಂದರೆ ಬೆಳಕು ಬರುವುದು ಬಟ್ಟೆಯ ಮೂಲಕವಲ್ಲ, ಅಂಚುಗಳಿಂದ. ಉಂಗುರ ಹಾಕಿ ಹೊಲಿದ ಪರದೆಯಲ್ಲಿ ಕಂಬಿಯ ಮೇಲ್ಭಾಗದಿಂದ ಛಾವಣಿಗೆ ಬೀಳುವ ಬೆಳಕಿನ ಪಟ್ಟಿಯೊಂದೇ ಇಡೀ ಕೋಣೆಯನ್ನು ಬೆಳಗಿಸಬಲ್ಲದು. ಕಂಬಿಯನ್ನು ಚೌಕಟ್ಟಿಗಿಂತ ಮೇಲಕ್ಕೆ, ಎರಡೂ ಬದಿಗೆ ಒಂದು ಗೇಣಿನಷ್ಟು ಹೊರಚಾಚಿ ಕೂರಿಸಿ, ಬಟ್ಟೆಯನ್ನು ಕಿಟಕಿಯ ಅಗಲದ ಒಂದೂವರೆ ಪಟ್ಟಾದರೂ ತೆಗೆದುಕೊಂಡು, ಬದಿಗಳನ್ನು ವೆಲ್ಕ್ರೋ ಪಟ್ಟಿಯಿಂದ ಗೋಡೆಗೆ ಅಂಟಿಸಿದ ಮೇಲೆಯೇ ನಮ್ಮ ಕೋಣೆ ನಿಜವಾಗಿ ಕತ್ತಲಾಯಿತು. ಹೊಲಿಯುವವರಿಗೆ ಇದನ್ನು ಮೊದಲೇ ಹೇಳಬೇಕು. ಅಂದಕ್ಕಾಗಿ ಹೊಲಿಯುವುದೇ ಅವರಿಗೆ ರೂಢಿ.

ಸೆಖೆಯ ವಿಷಯದಲ್ಲಿ ಪರದೆಗೆ ಕಡಿಮೆ ಅಂಕ ಕೊಡುತ್ತೇನೆ. ಬಿಸಿಲಿನ ಝಳವನ್ನು ತಡೆದರೂ ಗಾಳಿಯನ್ನೂ ತಡೆಯುವುದರಿಂದ ಏಪ್ರಿಲ್ ಮಧ್ಯಾಹ್ನಗಳಲ್ಲಿ ಫ್ಯಾನ್ ಒಂದೇ ಸಾಲುವುದಿಲ್ಲ.

ಶಬ್ದಕ್ಕಂತೂ ಇದು ಏನೂ ಮಾಡದು. ಕುಕ್ಕರ್, ಮಿಕ್ಸಿ, ತರಕಾರಿ ಗಾಡಿಯ ಧ್ವನಿವರ್ಧಕ, ಕೊರಿಯರ್‌ನವರ ಕರೆಗಂಟೆ ಇವೆಲ್ಲಕ್ಕೆ ಇಯರ್‌ಪ್ಲಗ್ ಬೇಕು. ‘ಮನೆಯಲ್ಲೇ ಇದ್ದೀಯಲ್ಲ, ಸ್ವಲ್ಪ ಹಾಲು ನೋಡಿಕೋ’ ಎನ್ನುವ ಅತ್ತೆಗೆ, ಶಾಲೆಯ ಬಸ್ಸಿನಿಂದ ಇಳಿಯುವ ಮಗುವಿಗೆ ಇಯರ್‌ಪ್ಲಗ್ಗೂ ಉತ್ತರವಲ್ಲ. ಆದರೂ ಒಂದು ಅನಿರೀಕ್ಷಿತ ಲಾಭವನ್ನು ದಾಖಲಿಸಬೇಕು: ಎಳೆದ ಪರದೆ ಮನೆಯವರಿಗೂ ಒಂದು ಗುರುತಾಗಿ, ಕೋಣೆ ಕತ್ತಲಾಗಿದ್ದಾಗ ಬಾಗಿಲು ತಟ್ಟುವುದನ್ನು ಅವರು ಕ್ರಮೇಣ ಬಿಟ್ಟಿದ್ದಾರೆ.

ಹಾಸ್ಟೆಲಿನಲ್ಲಿ ಕೋಣೆ ಹಂಚಿಕೊಂಡು, ಬೇರೆ ಬೇರೆ ಪಾಳಿಗಳಲ್ಲಿ ದುಡಿಯುವವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಅಲ್ಲಿ ಮೂಗಿನ ಬಳಿ ಸಂದು ಬಿಡದ ಕಣ್ಣುಪಟ್ಟಿಯೇ ವಾಸಿ. ಸ್ವಂತ ಕೋಣೆಯಿದ್ದು, ತಿಂಗಳಲ್ಲಿ ಸಾಲಾಗಿ ಹಲವು ರಾತ್ರಿಗಳ ಡ್ಯೂಟಿ ಬೀಳುವವರು ಧಾರಾಳವಾಗಿ ಕೊಳ್ಳಬಹುದು. ಬಳಸುವಾಗ ಒಂದು ಎಚ್ಚರಿಕೆ ಇರಲಿ: ನೈಟ್ ಡ್ಯೂಟಿ ಮುಗಿದು ಮತ್ತೆ ಹಗಲು ಪಾಳಿಗೆ ಮರಳಬೇಕಾದ ದಿನ ಮಧ್ಯಾಹ್ನದ ಹೊತ್ತಿಗೆ ಎದ್ದು ಪರದೆಯನ್ನು ಪೂರ್ತಿ ಸರಿಸಿಬಿಡಿ, ಇಲ್ಲವಾದರೆ ಆ ರಾತ್ರಿ ನಿದ್ದೆ ಹತ್ತುವುದು ಕಷ್ಟ.