ಮಲೆನಾಡಿನ ಗೋಡೆಗೆ ಮೋನೆಯ ಸೂರ್ಯೋದಯ: ಒಂದು ಕ್ಯಾನ್ವಾಸ್ ಪ್ರಿಂಟಿನ ವಿಮರ್ಶೆ

ಕ್ಯಾನ್ವಾಸ್ ಪ್ರಿಂಟಿನ ಪಾರ್ಸೆಲ್ ಬಿಚ್ಚಿದ ಕೂಡಲೇ ಎಲ್ಲರ ಕಣ್ಣೂ ಚಿತ್ರದ ಮೇಲೆ. ಮನೆ ಶಿವಮೊಗ್ಗದಲ್ಲಿದ್ದರೆ, ಅದರಲ್ಲೂ ತೀರ್ಥಹಳ್ಳಿ, ಹೊಸನಗರದ ಕಡೆಯಾದರೆ, ಮೊದಲು ಅದನ್ನು ಬೋರಲು ಹಾಕಿ ಬೆನ್ನು ನೋಡಿ. ಇಲ್ಲಿ ಪ್ರಿಂಟು ಕೆಡುವುದು ಬೆನ್ನಿನಿಂದಲೇ. ಆನ್‌ಲೈನಿನಲ್ಲಿ ಎರಡೂವರೆ ಸಾವಿರ ರೂಪಾಯಿಗೆ ಸಿಗುವ, ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆಯ ‘ಇಂಪ್ರೆಷನ್, ಸನ್‌ರೈಸ್’ ಚಿತ್ರದ 18×24 ಇಂಚಿನ ಈ ಪ್ರಿಂಟಿನಲ್ಲೂ ಮುಖ ಚೆನ್ನಾಗಿದೆ, ಬೆನ್ನು ಚೆನ್ನಾಗಿಲ್ಲ.

ಅಳತೆಯ ಮಟ್ಟಿಗೆ ಇದೇ ಸರಿ. ಫ್ರಾನ್ಸಿನ ಲೆ ಹಾವ್ರ್ ಬಂದರಿನ ಮುಂಜಾವವನ್ನು ಮೋನೆ 1872ರಲ್ಲಿ ಬಿಡಿಸಿದ ಮೂಲಚಿತ್ರ ಇರುವುದೇ 48×63 ಸೆಂಟಿಮೀಟರ್, ಅಂದರೆ ಸುಮಾರು 19×25 ಇಂಚು. ಪ್ಯಾರಿಸ್ಸಿನ ಮಾರ್ಮೊತಾನ್ ಮ್ಯೂಸಿಯಮ್ಮಿನ ಗೋಡೆಯ ಮೇಲಿರುವ ಚಿತ್ರ ಹೆಚ್ಚುಕಡಿಮೆ ಅಷ್ಟೇ ಗಾತ್ರದಲ್ಲಿ ನಿಮ್ಮ ಹಜಾರಕ್ಕೆ ಬಂದಂತೆ. 24×36 ತೆಗೆದುಕೊಂಡರೆ ಪ್ರಮಾಣವೇ ಹೊಂದುವುದಿಲ್ಲ: ಚಿತ್ರದ ಎತ್ತರದಲ್ಲಿ ಎಂಟರಲ್ಲೊಂದು ಪಾಲು ಕತ್ತರಿಸಬೇಕಾಗುತ್ತದೆ. ಆಗ ಮೇಲಿನ ಆಕಾಶವಾದರೂ ಹೋಗುತ್ತದೆ, ಕೆಳಗಿನ ನೀರಾದರೂ ಹೋಗುತ್ತದೆ.

18×24ರಲ್ಲೂ ಒಂದು ಮೋಸವಿದೆ. ಒಂದೂವರೆ ಇಂಚು ದಪ್ಪದ ಚೌಕಟ್ಟಿನ ಮಗ್ಗುಲಿಗೆ ಚಿತ್ರವನ್ನೇ ಮಡಚಿದ್ದಾರೆ. ಎಡಗಡೆ ಕೆಳಮೂಲೆಯಲ್ಲಿ ‘ಕ್ಲೋದ್ ಮೋನೆ 72’ ಎಂದಿರುವ ಸಹಿ ಮಡಿಕೆಗೆ ಸಿಕ್ಕಿಹೋಗಿದೆ. ಆರ್ಡರ್ ಮಾಡುವಾಗ ‘ಮಿರರ್ ಎಡ್ಜ್’ (ಮಗ್ಗುಲಿಗೆ ಚಿತ್ರದ ಅಂಚಿನ ಪ್ರತಿಬಿಂಬ ಅಚ್ಚು ಹಾಕುವುದು) ಅಥವಾ ಬಿಳಿ ಅಂಚು ಎಂದು ಆರಿಸಿದರೆ ಇಡೀ ಚಿತ್ರ ಮುಂದೆಯೇ ಉಳಿಯುತ್ತದೆ. ಈ ಆಯ್ಕೆ ಪುಟದಲ್ಲಿ ಕಾಣದಿದ್ದರೆ ಮಾರುವವರಿಗೆ ಸಂದೇಶ ಕಳಿಸಿ ಕೇಳಿ, ಆಮೇಲೆ ದುಡ್ಡು ಕಟ್ಟಿ.

ಬಣ್ಣ ನೋಡಲು ಒಳ್ಳೆಯ ಪರೀಕ್ಷೆಯೊಂದಿದೆ. ಈ ಚಿತ್ರದ ಕಿತ್ತಳೆ ಸೂರ್ಯ ಸುತ್ತಲಿನ ಬೂದು ಆಕಾಶಕ್ಕಿಂತ ಪ್ರಕಾಶಮಾನವಾಗಿ ಕಂಡರೂ ಎರಡರ ಹೊಳಪು ಹೆಚ್ಚುಕಡಿಮೆ ಒಂದೇ. ಹಾರ್ವರ್ಡಿನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದನ್ನು ವಿವರಿಸಿದ್ದಾರೆ. ಸೂರ್ಯ ಮಂಜಿನಲ್ಲಿ ಮಿಡಿದಂತೆ ಕಾಣುವುದು ಅದರಿಂದಲೇ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪ್ರಿಂಟಿನ ಫೋಟೋ ತೆಗೆದು ಮೊಬೈಲಿನಲ್ಲಿ ಸ್ಯಾಚುರೇಷನ್ (ಬಣ್ಣದ ಗಾಢತೆ) ಸೊನ್ನೆಗೆ ಇಳಿಸಿ. ಸೂರ್ಯ ಆಕಾಶದಲ್ಲಿ ಕರಗಿಹೋದರೆ ಪ್ರಿಂಟು ಮೂಲಕ್ಕೆ ನಿಷ್ಠವಾಗಿದೆ. ಬಿಳಿ ಬೊಟ್ಟಿನ ಹಾಗೆ ಎದ್ದು ನಿಂತರೆ ಯಾರೋ ಕಿತ್ತಳೆಯನ್ನು ಏರಿಸಿ ಅಚ್ಚು ಹಾಕಿದ್ದಾರೆ. ಇದರಲ್ಲಿ ಸೂರ್ಯ ಬಹುಪಾಲು ಕರಗುತ್ತಾನೆ. ಹಿಂದಿನ ಹಡಗುಗಳ ಪಟಸ್ತಂಭಗಳೂ ನೀಲಿಬೂದಿಯಲ್ಲಿ ಮಸುಕಾಗಿಯೇ ಇವೆ, ಕಪ್ಪಿಗೆ ತಿರುಗಿಲ್ಲ. ಈ ಬೆಲೆಗೆ ಇಷ್ಟು ಸಂಯಮದ ಬಣ್ಣ ಸಿಗುವುದು ಅಪರೂಪ.

ಹೆಚ್ಚು ದುಡ್ಡು ಕೊಟ್ಟರೆ ಮೇಲೆ ಜೆಲ್ ಬಳಿದು ಕುಂಚದ ಗೀಟು ಎಬ್ಬಿಸಿಕೊಡುತ್ತಾರೆ. ಬೇಡ. ಮೋನೆ ಇಲ್ಲಿ ಬಣ್ಣವನ್ನು ಬಹುತೇಕ ತೆಳ್ಳಗೆ, ಅವಸರದಲ್ಲಿ ಹಚ್ಚಿದ್ದಾರೆ. 1874ರ ಪ್ರದರ್ಶನದಲ್ಲಿ ವಿಮರ್ಶಕ ಲೂಯಿ ಲೆರ್ವಾ ಇದನ್ನು ಅರೆಬರೆ ಕೆಲಸವೆಂದು ಗೇಲಿ ಮಾಡಿದ್ದರು; ಮೋನೆಯವರ ಚಿತ್ರಕಲಾ ಪಂಥಕ್ಕೆ ಇಂಪ್ರೆಷನಿಸಂ ಎಂಬ ಹೆಸರು ನಿಂತದ್ದೂ ಆ ಗೇಲಿಯಿಂದಲೇ. ಇಂಥ ತೆಳು ಚಿತ್ರ ಸಪಾಟು ಪ್ರಿಂಟಿನಲ್ಲಿ ಕಳೆದುಕೊಳ್ಳುವುದು ಕಡಿಮೆ. ಜೆಲ್ಲಿನ ಗೀಟುಗಳೋ ಮೂಲದ ಗೀಟುಗಳ ಮೇಲೆ ಕೂರುವುದೇ ಇಲ್ಲ.

ಈಗ ಬೆನ್ನಿಗೆ ಬರೋಣ. ಪೈನ್ ಮರದ ಪಟ್ಟಿಗಳು ನೇರವಾಗಿವೆ, ಆದರೆ ಮೂಲೆಗಳಿಗೆ ಪಿನ್ ಹೊಡೆದು ಅಂಟು ಹಾಕಿಬಿಟ್ಟಿದ್ದಾರೆ. ಮೂಲೆಗೆ ಎರಡರಂತೆ ಸಣ್ಣ ಮರದ ಬೆಣೆ ಇರಬೇಕಿತ್ತು. ಜಡಿಮಳೆಯ ತಿಂಗಳುಗಳಲ್ಲಿ ಹತ್ತಿ ಬೆರೆತ ಬಟ್ಟೆ ತೇವ ಎಳೆದುಕೊಳ್ಳುತ್ತದೆ, ಮರವೂ ಉಬ್ಬುತ್ತದೆ. ಬಿಸಿಲು ಬಂದಾಗ ಎರಡೂ ಒಂದೇ ಲೆಕ್ಕದಲ್ಲಿ ಹಿಂದಕ್ಕೆ ಬರುವುದಿಲ್ಲ, ಬಟ್ಟೆ ಜೋಲುತ್ತದೆ. ಬೆಣೆಯಿದ್ದರೆ ಚಿಕ್ಕ ಸುತ್ತಿಗೆಯಲ್ಲಿ ನಾಲ್ಕೂ ಮೂಲೆಗೆ ಸಮನಾಗಿ ಒಂದೆರಡು ಏಟು ಕೊಟ್ಟರೆ ಸಾಕು, ಬಟ್ಟೆ ಮತ್ತೆ ಬಿಗಿಯಾಗುತ್ತದೆ. ಇಲ್ಲದಿದ್ದರೆ ಪಿನ್ ಕಿತ್ತು ಹೊಸದಾಗಿ ಎಳೆಸಬೇಕು. ಹಿಂದಿನಿಂದ ನೀರು ಚಿಮುಕಿಸಿ ಬಿಗಿ ಮಾಡುವ ಉಪಾಯವನ್ನು ಪ್ರಿಂಟಿಗೆ ಮಾಡಬೇಡಿ, ಶಾಯಿ ಹರಡೀತು.

ಇನ್ನೊಂದು ತಪ್ಪು, ಹಿಂಬದಿಗೆ ಕಂದು ಕಾಗದ ಹಚ್ಚಿ ನಾಲ್ಕೂ ಕಡೆ ಟೇಪ್ ಮುಚ್ಚಿರುವುದು. ಧೂಳಿನ ಊರಿಗೆ ಅದು ಸರಿ. ಇಲ್ಲಿ ಒಳಗೆ ಸಿಕ್ಕ ತೇವ ಹೊರಬರಲಾರದೆ ಬೂಷ್ಟು ಹಿಡಿಯುತ್ತದೆ, ಬೆಳ್ಳಿಹುಳಕ್ಕೂ ಕಾಗದ ಇಷ್ಟ. ಅದನ್ನು ಕತ್ತರಿಸಿ ತೆಗೆಯಿರಿ. ಬರಿಮೈ ಮರಕ್ಕೆ ಬಟ್ಟೆಗೆ ತಾಗದಂತೆ ಎರಡು ಕೈ ವಾರ್ನಿಷ್ ಕೊಟ್ಟು, ನಾಲ್ಕೂ ಮೂಲೆಗೆ ಅರ್ಧ ಇಂಚು ದಪ್ಪದ ರಬ್ಬರ್ ಬುಷ್ ಅಂಟಿಸಿ. ಗೋಡೆಗೂ ಬಟ್ಟೆಗೂ ನಡುವೆ ಗಾಳಿ ಓಡಾಡಬೇಕು. ನಮ್ಮ ಹಳೇ ಮನೆಗಳ ಜಗಲಿಯಲ್ಲಿ ಪಟಗಳನ್ನು ಮೇಲ್ತುದಿ ಮುಂದಕ್ಕೆ ಬಾಗುವಂತೆ ನೇತುಹಾಕುತ್ತಿದ್ದರಲ್ಲ, ಹಿಂದೆ ಗಾಳಿಗೆ ಜಾಗ ಸಿಗುತ್ತಿದ್ದುದು ಆ ಓರೆಯಿಂದ.

ಎರಚಲು ಬಡಿಯುವ ಪಡುವಣ ಗೋಡೆಯನ್ನೂ ಬಚ್ಚಲಿಗೆ ಅಂಟಿದ ಗೋಡೆಯನ್ನೂ ಬಿಟ್ಟು ಒಳಗೋಡೆ ಆರಿಸಿ. ಜಂಬಿಟ್ಟಿಗೆಯ ಗೋಡೆಗೆ ಮೊಳೆ ಹೊಡೆದರೆ ಗಾರೆ ಉದುರುತ್ತದೆ, 8 ಮಿ.ಮೀ. ತೂತು ಕೊರೆದು, ಪ್ಲಗ್ ಕೂರಿಸಿ, ಎರಡು ಇಂಚಿನ ಸ್ಕ್ರೂ ಹಾಕಿ. ಜೊತೆಗೆ ಬಂದಿರುವ ಹಲ್ಲಿನ ಒಂಟಿ ಹುಕ್ಕು ಸಾಲದು, ಎರಡೂ ಪಕ್ಕಕ್ಕೆ ಡಿ ರಿಂಗ್ ಹಾಕಿಸಿ. ಬಲ್ಬು ಹಳದಿಯಾದರೆ ಮಂಜಿನ ನೀಲಿ ಸತ್ತೇಹೋಗುತ್ತದೆ. 4000 ಕೆಲ್ವಿನ್ನಿನ ಎಲ್‌ಇಡಿ ಹೊಂದುತ್ತದೆ.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಇಳಿಸಿ ಬೆನ್ನು ನೋಡಿ. ಬಿಳಿ ಬೂಷ್ಟು ಕಂಡರೆ ಮನೆಯಾಚೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಷ್ಷಿನಲ್ಲಿ ತೆಗೆದು ಫ್ಯಾನಿನಡಿ ಒಣಗಿಸಿ. ಒದ್ದೆ ಬಟ್ಟೆ, ಗಾಜು ಒರೆಸುವ ದ್ರಾವಣ ಎರಡೂ ಬೇಡ. ಮುಂಭಾಗದಲ್ಲಿ ಕಪ್ಪು ಚುಕ್ಕೆ ಎದ್ದರೆ ಅದು ನೂಲಿನೊಳಗೆ ಇಳಿದಿದೆ, ಹೋಗುವುದಿಲ್ಲ.

ಇದೇ ಮಾರಾಟಗಾರರಲ್ಲಿ ಕಟ್ಟಿಲ್ಲದ ಪ್ರಿಂಟನ್ನು ರೋಲ್ ಮಾಡಿಯೂ ಕಳಿಸುತ್ತಾರೆ. ಸುತ್ತಲೂ ಎರಡೂವರೆ ಇಂಚು ಬಿಳಿ ಅಂಚು ಬಿಡಲು ಹೇಳಿ ಅದನ್ನೇ ತರಿಸಿ, ಊರಿನ ಫ್ರೇಮ್ ಅಂಗಡಿಯಲ್ಲಿ ಚೆನ್ನಾಗಿ ಒಣಗಿದ ಮರಕ್ಕೆ, ಬೆಣೆ ಸಮೇತ, ಬೇಸಿಗೆಯಲ್ಲೇ ಎಳೆಸಿ.