ಫ್ಯಾಂಟಸಿ ಆಡಿಯೊಬುಕ್: ವರ್ಷಗಟ್ಟಲೆ ಕೇಳಿದ ಮೇಲಿನ ವಿಮರ್ಶೆ

ಆಡಿಯೊಬುಕ್ ಕೊಳ್ಳುವ ಮೊದಲು ಆ್ಯಪ್ ಕೇಳಿಸುವ ಸ್ಯಾಂಪಲ್ ನಂಬಿ ದುಡ್ಡು ಹಾಕಬೇಡಿ. ಹೆಚ್ಚಿನ ಕಡೆ ಅದು ಪುಸ್ತಕದ ಮೊದಲ ನಾಲ್ಕೈದು ನಿಮಿಷ. ಅಲ್ಲಿ ಮಂಜು, ಬೆಟ್ಟ, ಹಾಳುಬಿದ್ದ ಕೋಟೆ. ಮಾತಾಡುವವರು ಹೆಚ್ಚೆಂದರೆ ಇಬ್ಬರು. ಅಷ್ಟನ್ನು ಯಾರು ಓದಿದರೂ ಕಿವಿಗೆ ಹಿತವಾಗಿಯೇ ಇರುತ್ತದೆ. ಹದಿಹರೆಯದವರ ಫ್ಯಾಂಟಸಿಯಲ್ಲಿ ನಿರೂಪಕರು ಎಡವುವುದು ಒಂಬತ್ತನೆಯದೋ ಹತ್ತನೆಯದೋ ಅಧ್ಯಾಯದಲ್ಲಿ, ಒಂದೇ ಪ್ರಾಯದ ನಾಲ್ಕು ಜನ ಒಂದೇ ಕೋಣೆಯಲ್ಲಿ ಜಗಳಕ್ಕೆ ನಿಂತಾಗ. ಇಬ್ಬರು ಹುಡುಗರು, ಇಬ್ಬರು ಹುಡುಗಿಯರು, ಎಲ್ಲರಿಗೂ ಹದಿನಾರು-ಹದಿನೇಳು, ಎಲ್ಲರಿಗೂ ಸಿಟ್ಟು. ಮುದುಕನ ಸ್ವರ, ರಾಕ್ಷಸನ ಸ್ವರ ಸುಲಭ. ಈ ನಾಲ್ವರನ್ನು ಬೇರೆ ಬೇರೆಯಾಗಿ ಕೇಳಿಸುವುದು ಕಷ್ಟ. ಹಿಂತಿರುಗಿಸುವ ಅವಕಾಶ ಇರುವ ಸೇವೆಯಾದರೆ ಪುಸ್ತಕ ಕೈಸೇರಿದ ಕೂಡಲೇ ಅಂಥದೊಂದು ಜಾಗಕ್ಕೆ ಹೋಗಿ ಹತ್ತು ನಿಮಿಷ ಕೇಳಿ. ಕಥೆಯ ಗುಟ್ಟು ಸ್ವಲ್ಪ ಬಯಲಾದೀತು. ಹನ್ನೆರಡು ಗಂಟೆ ಹಲ್ಲುಕಚ್ಚಿ ಕೇಳುವುದಕ್ಕಿಂತ ಅದೇ ವಾಸಿ.

ಕಾಸರಗೋಡಿನ ಕನ್ನಡಿಗರಿಗೆ ಈ ಪರೀಕ್ಷೆ ಹೊಸತೇನೂ ಅಲ್ಲ. ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಾಡುವ ಭಾಗವತರ ಪದ ಮುಗಿದ ಮೇಲೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತಿನಲ್ಲೇ ಎಲ್ಲವೂ ನಿಲ್ಲಬೇಕು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾದರೂ ರಾವಣನಾದರೂ ಗಂಟಲು ಒಂದೇ. ಬದಲಾಗುತ್ತಿದ್ದದ್ದು ವಾದದ ಪಟ್ಟು, ಮಾತಿನ ನಡೆ, ಎಲ್ಲಿ ತಡೆಯಬೇಕು ಎಲ್ಲಿ ಬಿಡಬೇಕು ಎಂಬ ಲೆಕ್ಕ. ಆಡಿಯೊಬುಕ್ ನಿರೂಪಕರನ್ನು ನಾನು ಅಳೆಯುವುದೂ ಹಾಗೆಯೇ. ಹುಡುಗಿಯ ಮಾತಿಗೆ ಸ್ವರ ಕೀರಲು ಮಾಡುವ ಗಂಡಸು, ಗಂಡಿನ ಮಾತಿಗೆ ಗಂಟಲು ಗೊಗ್ಗರು ಮಾಡುವ ಹೆಂಗಸು, ಇಬ್ಬರೂ ಅರ್ಧ ಗಂಟೆಯಲ್ಲಿ ಕೇಳುಗರನ್ನು ದಣಿಸುತ್ತಾರೆ. ಒಂದು ಪಾತ್ರ ವಾಕ್ಯದ ಕೊನೆಯನ್ನು ಕತ್ತರಿಸಿದ ಹಾಗೆ ನಿಲ್ಲಿಸುತ್ತದೆ, ಇನ್ನೊಂದು ಉತ್ತರ ಕೊಡುವ ಮೊದಲು ಅರೆಕ್ಷಣ ತಡೆಯುತ್ತದೆ. ಈ ಬಗೆಯ ಗುರುತು ಇಪ್ಪತ್ತು ಅಧ್ಯಾಯ ಕಳೆದರೂ ಉಳಿಯುತ್ತದೆ.

ಸ್ವರಗಳ ಸಂಖ್ಯೆಯನ್ನೇ ದೊಡ್ಡದು ಮಾಡುವವರಿದ್ದಾರೆ. ಹ್ಯಾರಿ ಪಾಟರ್ ಸರಣಿಯ ಅಮೆರಿಕನ್ ಆವೃತ್ತಿ ಓದಿದ ಜಿಮ್ ಡೇಲ್ ಐದನೆಯ ಪುಸ್ತಕದಲ್ಲಿ 134, ಏಳನೆಯದರಲ್ಲಿ 146 ಸ್ವರಗಳನ್ನು ತಂದು ಗಿನ್ನೆಸ್ ದಾಖಲೆ ಮಾಡಿದರು. ಬ್ರಿಟಿಷ್ ಆವೃತ್ತಿ ಸ್ಟೀಫನ್ ಫ್ರೈ ಅವರದು. ಡೇಲ್ ಪ್ರತಿ ಪಾತ್ರವನ್ನೂ ರಂಗಕ್ಕೆ ತಂದು ನಿಲ್ಲಿಸುತ್ತಾರೆ; ಫ್ರೈ ಕಥೆ ಹೇಳುವ ಮನುಷ್ಯನಾಗಿಯೇ ಉಳಿದು, ಬೇಕಾದಷ್ಟೇ ಪಾತ್ರವಾಗುತ್ತಾರೆ. ಮೊದಲ ಸಲ ಕೇಳುವಾಗ ಡೇಲ್ ಗೆಲ್ಲುತ್ತಾರೆ. ಮತ್ತೆ ಮತ್ತೆ ಕೇಳಿದರೂ ಬೇಸರ ಬಾರದ್ದು ಫ್ರೈ ಓದು. ಇದು ನನ್ನ ಪಕ್ಷಪಾತ, ಮಕ್ಕಳು ಒಪ್ಪದೆಯೂ ಇರಬಹುದು.

ಹತ್ತಿರದಿಂದ ಗಮನಿಸಬೇಕಾದ ಒಂದು ಜಾಗ ಉಂಟು. ‘ಬಾಗಿಲು ಮುಚ್ಚು, ಅವರು ಮೆಟ್ಟಿಲ ಹತ್ತಿರ ಬಂದಿದ್ದಾರೆ’ ಎಂಬ ಮಾತು ಬರುತ್ತದೆ. ಅದರ ಬಾಲದಲ್ಲಿ ‘ಎಂದು ಅವಳು ಪಿಸುಗುಟ್ಟಿದಳು’ ಎಂದಿರುತ್ತದೆ. ಪುಟವನ್ನು ಮುಂಚೆಯೇ ಓದಿಕೊಂಡು ಬಂದ ನಿರೂಪಕಿ ‘ಬಾಗಿಲು’ ಎಂಬಲ್ಲೇ ಸ್ವರ ತಗ್ಗಿಸಿರುತ್ತಾಳೆ. ತಯಾರಿ ಇಲ್ಲದವಳು ಗಟ್ಟಿಯಾಗಿ ಹೇಳಿ ಮುಗಿಸಿ, ‘ಪಿಸುಗುಟ್ಟಿದಳು’ ಎಂಬಲ್ಲಿ ಮಾತ್ರ ಸ್ವರ ಇಳಿಸುತ್ತಾಳೆ. ಒಂದು ಸಲವಾದರೆ ಬಿಡಬಹುದು. ಮೊದಲ ಗಂಟೆಯಲ್ಲೇ ಮೂರ್ನಾಲ್ಕು ಸಲ ಸಿಕ್ಕಿದರೆ ಇಡೀ ಪುಸ್ತಕದ ಹಣೆಬರಹ ಅಷ್ಟೇ. ಯಾರು, ಹೇಗೆ ಹೇಳಿದರು ಎಂಬುದು ಕನ್ನಡ ವಾಕ್ಯದಲ್ಲಿ ಬಹುಪಾಲು ತುದಿಗೇ ಬರುವುದರಿಂದ ಕನ್ನಡ ನಿರೂಪಕರಿಗೆ ಈ ಹೊಂಡ ಇನ್ನೂ ಆಳ.

ಹೆಸರುಗಳ ಪಾಡು ಫ್ಯಾಂಟಸಿಗೇ ಅಂಟಿದ್ದು. ಊರು, ಕುಲ, ಮಂತ್ರ, ಕತ್ತಿ, ಕುದುರೆ ಎಲ್ಲದಕ್ಕೂ ಲೇಖಕರು ಹೊಸದಾಗಿ ಕಟ್ಟಿದ ಹೆಸರು. ಮುತುವರ್ಜಿಯಿಂದ ಮಾಡಿದ ಪುಸ್ತಕಗಳಲ್ಲಿ ರೆಕಾರ್ಡಿಂಗ್‌ಗೆ ಮೊದಲೇ ಉಚ್ಚಾರದ ಪಟ್ಟಿ ಮಾಡಿ ಲೇಖಕರಲ್ಲಿ ಕೇಳಿಕೊಂಡಿರುತ್ತಾರೆ. ಹಾಗಿದ್ದೂ ಜಾರುವುದುಂಟು: ಡೇಲ್ ಮೊದಲ ಪುಸ್ತಕಗಳಲ್ಲಿ ಖಳನಾಯಕನನ್ನು ‘ವೋಲ್ಡೆಮೋರ್’ ಎಂದು ಓದಿದರು, ಸಿನಿಮಾಗಳು ಬಂದ ಮೇಲೆ ಕೊನೆಗೆ ‘ಟ್’ ಸೇರಿತು. ಕೇಳುವವರಿಗೆ ಕಾಗುಣಿತ ಕಾಣುವುದಿಲ್ಲ, ಹಾಗಾಗಿ ಉಚ್ಚಾರ ಬದಲಾದರೆ ಹೊಸ ಪಾತ್ರ ಬಂತೇನೋ ಅನ್ನಿಸುತ್ತದೆ. ನಕ್ಷೆ, ವಂಶಾವಳಿಗಳ ಪಿಡಿಎಫ್ ಜೊತೆಗೆ ಕೊಟ್ಟಿದ್ದರೆ ಮೊದಲೇ ಇಳಿಸಿಟ್ಟುಕೊಳ್ಳಿ. ಹಲವರು ಅದು ಇರುವುದನ್ನೇ ನೋಡುವುದಿಲ್ಲ.

ರೆಕಾರ್ಡಿಂಗ್‌ನ ದೋಷಗಳನ್ನು ನಿರೂಪಕರ ತಲೆಗೆ ಕಟ್ಟಬಾರದು. ವಾಕ್ಯದ ನಡುವೆ ಸ್ವರ ಒಮ್ಮೆಲೇ ದಪ್ಪವಾಗಿಯೋ ತೆಳುವಾಗಿಯೋ ಆದರೆ, ತಪ್ಪಿದ ಭಾಗವನ್ನು ಬೇರೆ ದಿನ ಓದಿಸಿ ಅಂಟಿಸಿದ್ದಾರೆ ಎಂದರ್ಥ. ಮೈಕಿಗೂ ಬಾಯಿಗೂ ಇರುವ ದೂರ ನಾಲ್ಕು ಬೆರಳು ಬದಲಾದರೂ ಅದು ಕೇಳಿಸುತ್ತದೆ. ಒಂದೇ ವಾಕ್ಯ ಎರಡು ಸಲ ಬಂದರೆ ಎಡಿಟಿಂಗ್ ಮಾಡಿದವರು ಮೊದಲ ಟೇಕ್ ಅಳಿಸಲು ಮರೆತಿದ್ದಾರೆ. ಉಸಿರನ್ನು ಪೂರ್ತಿ ಕತ್ತರಿಸಿ ತೆಗೆದದ್ದು ಇದಕ್ಕಿಂತ ಕೆಟ್ಟದು, ಓಟದ ದೃಶ್ಯದಲ್ಲೂ ಯಾರಿಗೂ ದಮ್ಮು ಕಟ್ಟುವುದಿಲ್ಲ. ಈಚೆಗೆ ಕಂಪ್ಯೂಟರ್ ಧ್ವನಿಯ ಪುಸ್ತಕಗಳೂ ಸೇರಿಕೊಂಡಿವೆ. ನಿರೂಪಕರ ಹೆಸರಿನ ಜಾಗದಲ್ಲಿ ‘ವರ್ಚುವಲ್ ವಾಯ್ಸ್’ ಎಂದಿದೆಯೇ ನೋಡಿ. ಅಡುಗೆ ಪುಸ್ತಕಕ್ಕೆ ಅದು ನಡೆದೀತು. ವ್ಯಂಗ್ಯವೇ ಉಸಿರಾದ ಹದಿನೇಳರ ಹುಡುಗಿಯ ಮಾತಿಗೆ ಆಗದು.

ಒಬ್ಬರ ಓದೋ, ಪೂರ್ತಿ ತಂಡದ ಓದೋ? ಇಂಗ್ಲಿಷ್ ಲೇಖಕ ಫಿಲಿಪ್ ಪುಲ್‌ಮನ್ ತಮ್ಮ ಫ್ಯಾಂಟಸಿ ಕಾದಂಬರಿ ‘ನಾರ್ದರ್ನ್ ಲೈಟ್ಸ್’ಗೆ ನಿರೂಪಣೆಯನ್ನು ತಾವೇ ಓದಿ ಪಾತ್ರಗಳ ಮಾತನ್ನು ನಟರಿಗೆ ಬಿಟ್ಟರು; ಆ ಕ್ರಮ ಬಹಳ ಚೆನ್ನಾಗಿ ಕೂತಿದೆ. ಆದರೆ ಸಂಗೀತ, ಸದ್ದು ಸೇರಿಸಿದ ತಂಡದ ಪುಸ್ತಕಗಳಿಗೆ ನಮ್ಮ ಮಳೆಗಾಲ ಆಗಿಬರುವುದಿಲ್ಲ. ಎಸಿಎಕ್ಸ್ ಎಂಬ ಜಾಲತಾಣದ ಮೂಲಕ ಆಡಿಬಲ್ ಎಂಬ ಆಡಿಯೊಬುಕ್ ಸೇವೆಗೆ ಹೋಗುವ ಪುಸ್ತಕಗಳಿಗೆ ಸದ್ದಿನ ಒಂದು ನಿಯಮವಿದೆ (ಇಲ್ಲಿ ಸೊನ್ನೆ ಅತಿ ಜೋರು, ಮೈನಸ್ ಹೆಚ್ಚಿದಷ್ಟೂ ಮೆಲ್ಲಗೆ): ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18 ಡೆಸಿಬೆಲ್ ಒಳಗೆ, ಅತಿ ಜೋರಿನ ಜಾಗ ಮೈನಸ್ 3 ಮೀರದಂತೆ, ಹಿನ್ನೆಲೆ ಸದ್ದು ಮೈನಸ್ 60ಕ್ಕಿಂತ ಕೆಳಗೆ. ಒಬ್ಬರೇ ಓದಿದ್ದು ಈ ಮಿತಿಯೊಳಗೆ ಸಮನಾಗಿ ಕೂರುತ್ತದೆ. ಯುದ್ಧದ ಸದ್ದು, ಗುಹೆಯ ಪಿಸುಮಾತು ಎರಡೂ ಇರುವ ನಾಟಕದ ಬಗೆಯದರಲ್ಲಿ ಏರಿಳಿತ ಜಾಸ್ತಿ. ಆಟಿ ತಿಂಗಳ ಮಳೆ ಮಾಡಿನ ಶೀಟಿನ ಮೇಲೆ ಹೊಡೆಯುವಾಗ ಪಿಸುಮಾತಿಗೆ ವಾಲ್ಯೂಮ್ ಏರಿಸಿದರೆ ಮುಂದಿನ ಕ್ಷಣ ಕತ್ತಿಯ ಸದ್ದು ಕಿವಿಗೆ ಬಡಿಯುತ್ತದೆ. ಅಡಿಕೆ ಸುಲಿಯುತ್ತಾ ಒಂದೇ ಕಿವಿಗೆ ಇಯರ್‌ಫೋನ್ ಹಾಕಿ ಕೇಳುವವರಿಗೆ ಇನ್ನೊಂದು ತೊಂದರೆ: ಎಡಕ್ಕೊಬ್ಬ ಬಲಕ್ಕೊಬ್ಬ ನಿಂತು ಮಾತಾಡುವ ರೆಕಾರ್ಡಿಂಗ್‌ನಲ್ಲಿ ಒಬ್ಬನ ಮಾತು ಕ್ಷೀಣವಾಗುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿಗೆ ಹೋಗಿ ‘ಮೋನೊ ಆಡಿಯೊ’ ಆನ್ ಮಾಡಿದರೆ ಎರಡೂ ಕಡೆಯದು ಒಂದೇ ಕಿವಿಗೆ ಬರುತ್ತದೆ. ಸುಲಿಯುವ ಯಂತ್ರದ ಹತ್ತಿರ, ಹುಲ್ಲು ಕತ್ತರಿಸುವ ಯಂತ್ರದ ಹತ್ತಿರ ಕೇಳುವ ಆಸೆ ಬಿಡಿ. ವಾಲ್ಯೂಮ್ ಏರಿಸಿ ಕಿವಿ ಕೆಡಿಸಿಕೊಳ್ಳುವುದಷ್ಟೇ ಲಾಭ.

ವೇಗದ ಲೆಕ್ಕ. ಇಂಗ್ಲಿಷ್ ನಿರೂಪಣೆ ನಿಮಿಷಕ್ಕೆ ಸುಮಾರು 150 ಶಬ್ದ, ಗಂಟೆಗೆ 9,000ದಷ್ಟು. ಒಂದು ಲಕ್ಷ ಶಬ್ದದ ಪುಸ್ತಕ ಹನ್ನೊಂದು ಗಂಟೆಯ ಆಸುಪಾಸು. 1.2 ವೇಗದಲ್ಲಿ ಹನ್ನೆರಡು ಗಂಟೆಯದು ಹತ್ತಕ್ಕೆ ಮುಗಿಯುತ್ತದೆ, ಸ್ವಾರಸ್ಯವೂ ಕೆಡುವುದಿಲ್ಲ. 1.5 ದಾಟಿದರೆ ನಿರೂಪಕರು ಬೇಕೆಂದೇ ಇಟ್ಟ ಮೌನವೆಲ್ಲ ಕುಗ್ಗಿ, ಸ-ಶ ಅಕ್ಷರಗಳಿಗೆ ತಗಡಿನ ಸದ್ದು ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಬ್ರಿಟಿಷ್ ಉಚ್ಚಾರ ಶುರುವಿಗೆ ತೊಡಕು. ಮೊದಲ ಎರಡು ಅಧ್ಯಾಯ 0.9ರಲ್ಲಿ, ಪುಸ್ತಕ ಕೈಯಲ್ಲಿ ಹಿಡಿದು ಕೇಳಿಸಿ. ಆಮೇಲೆ ಪುಸ್ತಕ ತೆಗೆದಿಡಿ. ದುಡ್ಡು ಹಾಕದೆ ಕಿವಿ ಪಳಗಿಸಲು 2005ರಿಂದ ನಡೆಯುತ್ತಿರುವ ಲಿಬ್ರಿವಾಕ್ಸ್ ಇದೆ: ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿದ್ದು. ಅಧ್ಯಾಯಕ್ಕೊಬ್ಬರು ಓದಿದ್ದು ಬೇಡವೆಂದರೆ ‘ಸೋಲೊ’ ಎಂದಿರುವುದನ್ನೇ ಆರಿಸಿ.

ಕನ್ನಡದಲ್ಲಿ ಈ ವಯಸ್ಸಿನವರ ಫ್ಯಾಂಟಸಿಯ ಆಯ್ಕೆ ತೀರ ಕಡಿಮೆ. ಸಿಗುವುದರಲ್ಲಿ ಬಹಳಷ್ಟು ಹತ್ತು-ಹದಿನೈದು ನಿಮಿಷದ ಕಂತುಗಳ ಧಾರಾವಾಹಿ. ಪ್ರತಿ ಕಂತಿನ ತುದಿಯಲ್ಲೂ ಯಾರೋ ಬಾಗಿಲು ಬಡಿಯಲೇಬೇಕು. ಅಲ್ಲಿ ನಿರೂಪಕರು ಮೊದಲ ನಿಮಿಷದಿಂದಲೇ ಏರುಸ್ವರ ಹಿಡಿಯುತ್ತಾರೆ, ನಿಜವಾದ ಅಪಾಯ ಬಂದಾಗ ಏರಿಸಲು ಜಾಗವೇ ಉಳಿದಿರುವುದಿಲ್ಲ. ಅಲ್ಪಪ್ರಾಣ ಮಹಾಪ್ರಾಣ ಶುದ್ಧವಾಗಿದ್ದು, ಆಡುಮಾತಿನಲ್ಲಿ ಸಲೀಸಾಗಿ ಹರಿಯುವ ನಿರೂಪಕರು ಇಲ್ಲದಿಲ್ಲ. ಅಂಥವರ ಹೆಸರು ಸಿಕ್ಕಿದರೆ ಕಥೆಯ ಹೆಸರು ನೋಡದೆ ಆ ಹೆಸರಿನಲ್ಲೇ ಹುಡುಕಿ.

ಫೋನಿನ ಕೆಲಸ ಸ್ವಲ್ಪ. 64 ಕೆಬಿಪಿಎಸ್ ಗುಣಮಟ್ಟಕ್ಕೆ ಗಂಟೆಗೆ ಸುಮಾರು 29 ಎಂಬಿ, ಹನ್ನೆರಡು ಗಂಟೆಗೆ 350 ಎಂಬಿ. ಮಾತಿಗೆ ಅಷ್ಟು ಸಾಕು. ಕಾಸರಗೋಡಿನ ಮುಳ್ಳೇರಿಯ, ಪೆರ್ಲದ ಒಳಭಾಗಗಳಂಥ ಗುಡ್ಡದ ಮರೆಯಲ್ಲಿರುವವರು ನೆಟ್‌ವರ್ಕ್ ನಂಬದೆ ಪೂರ್ತಿ ಇಳಿಸಿಕೊಳ್ಳಬೇಕು. ಇಳಿದಿದೆಯೇ ಎಂದು ನೋಡಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಕೊನೆಯ ಅಧ್ಯಾಯ ಒತ್ತಿ. ಸ್ಕ್ರೀನ್ ಆರಿದ ಕೂಡಲೇ ಓದು ನಿಲ್ಲುತ್ತಿದ್ದರೆ ದೋಷ ಹೆಚ್ಚಾಗಿ ಫೋನಿನ ಬ್ಯಾಟರಿ ಉಳಿತಾಯದ್ದು. ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್ ಅನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ಆರಂಭದ ಪ್ರಕಟಣೆಯನ್ನೇ ಆ್ಯಪ್ ಒಂದನೆಯ ಅಧ್ಯಾಯ ಎಂದು ಎಣಿಸುವುದರಿಂದ ಪುಸ್ತಕದ ಅಧ್ಯಾಯ ಸಂಖ್ಯೆಗೂ ಅದಕ್ಕೂ ತಾಳೆಯಾಗದೆ ಇರಬಹುದು, ಗಾಬರಿ ಬೇಡ.

ಸರಣಿಗೆ ಕೈಹಾಕುವಾಗ ಮಾತ್ರ ಅವಸರ ಮಾಡಬೇಡಿ. ಮೊದಲ ಸಂಪುಟ ಕೊಳ್ಳುವ ದಿನವೇ ಉಳಿದೆಲ್ಲ ಸಂಪುಟಗಳ ಪುಟ ತೆರೆದು ನಿರೂಪಕರ ಹೆಸರು ಒಂದೇ ಇದೆಯೇ, ನಡುವಿನ ಸಂಪುಟ ನಮ್ಮ ದೇಶದಲ್ಲಿ ಮಾರಾಟಕ್ಕಿದೆಯೇ ಎಂದು ನೋಡಿಕೊಳ್ಳಿ. ಆಡಿಯೊ ಹಕ್ಕು ದೇಶದಿಂದ ದೇಶಕ್ಕೆ ಬೇರೆ ಇರುವುದರಿಂದ ಒಂದು, ಎರಡು, ನಾಲ್ಕು ಸಿಕ್ಕಿ ಮೂರು ಸಿಗದಿರುವುದು ಉಂಟು. ನಿರೂಪಕರು ಬದಲಾಗಿದ್ದರೆ ಹೊಸಬರ ಸ್ಯಾಂಪಲ್ ಕೇಳಿ, ಹಳೆಯ ಹೆಸರುಗಳನ್ನು ಅವರು ಹೇಗೆ ಉಚ್ಚರಿಸುತ್ತಾರೆ ಎಂದು ಗಮನಿಸಿ. ಅದು ಒಗ್ಗದಿದ್ದರೆ ಅಲ್ಲಿಂದ ಮುಂದಿನದನ್ನು ಮುದ್ರಿತ ಪುಸ್ತಕದಲ್ಲೇ ಓದಿ.