ಚೀಟಿ ನೋಡಿ ಕೊಪೆಕ್ ಕೊಳ್ಳಬೇಡಿ

ಹಳೇ ರಷ್ಯಾದ ಬೆಳ್ಳಿ ನಾಣ್ಯ ಕೂಡಿಡುವ ಆಸೆ ಇರುವವರು ದಯವಿಟ್ಟು ಇದನ್ನು ಓದಿ. ಕಳೆದ ತಿಂಗಳು ನಾನು ಹನ್ನೆರಡು ಸಾವಿರ ರೂಪಾಯಿ ಕೊಟ್ಟು ಮೋಸ ಹೋದೆ.

ಆನ್‌ಲೈನ್‌ನಲ್ಲಿ ಒಬ್ಬರು ಕೊಪೆಕ್ ಅನ್ನುವ ರಷ್ಯಾದ ಚಿಕ್ಕ ಬೆಳ್ಳಿ ನಾಣ್ಯ ಮೂರನ್ನು ಮಾರಾಟಕ್ಕಿಟ್ಟಿದ್ದರು. ಚೀಟಿಯಲ್ಲಿ ‘ಇವಾನ್ ದಿ ಟೆರಿಬಲ್, 1547–1584’ ಅಂತ ಬರೆದಿತ್ತು, ಅಂದರೆ ರಷ್ಯಾದ ದೊರೆ ಇವಾನ್ ತ್ಸಾರ್ ಪಟ್ಟದಲ್ಲಿದ್ದ ವರ್ಷಗಳು. ಫೋಟೋ ದೊಡ್ಡದು ಮಾಡಿ ನೋಡಿದರೆ ಒಂದರ ಮೇಲೆ ಇವಾನ್ ಅನ್ನುವ ಹೆಸರು ಕಾಣಿಸಿತು. ಎರಡು ತಿಂಗಳು ಕೂತು ರಷ್ಯನ್ ಲಿಪಿ ಕಲಿತಿದ್ದೆ. ನಾನೇ ಓದಿದೆನಲ್ಲ ಅನ್ನುವ ಖುಷಿಯಲ್ಲಿ ತೂಕವನ್ನೂ ಕೇಳದೆ ದುಡ್ಡು ಹಾಕಿಬಿಟ್ಟೆ.

ಈ ನಾಣ್ಯ ಕಲ್ಲಂಗಡಿ ಬೀಜದಷ್ಟು ಇರುತ್ತದೆ. ಬೆಳ್ಳಿ ತಂತಿ ತುಂಡು ಮಾಡಿ, ತಟ್ಟಿ ಚಪ್ಪಟೆ ಮಾಡಿ, ಎರಡು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ರಷ್ಯಾದವರು ಇದಕ್ಕೆ ಮೀನಿನ ಹುರುಪೆ ಅಂತಲೇ ಹೇಳುತ್ತಾರೆ. ಒಂದು ಕಡೆ ಈಟಿ ಹಿಡಿದ ಕುದುರೆ ಸವಾರ, ಇನ್ನೊಂದು ಕಡೆ ದೊರೆಯ ಹೆಸರು, ಬಿರುದು. ಅಚ್ಚು ದೊಡ್ಡದು, ಬೆಳ್ಳಿ ತುಂಡು ಚಿಕ್ಕದು. ಹಾಗಾಗಿ ಬರಹ ಅರ್ಧಂಬರ್ಧ ಮೂಡುತ್ತದೆ. ಮೋಸ ಮಾಡುವವರಿಗೆ ಇದೇ ಅನುಕೂಲ.

ಪಾರ್ಸೆಲ್ ಬಂದ ದಿನವೇ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಹೋದೆ. ಹೆಸರು ಓದಿದ್ದೆನಲ್ಲ, ಅದು ತೂಗಿದ್ದು 0.39 ಗ್ರಾಂ. ಎದೆ ಧಸಕ್ ಅಂದಿತು. ಯಾಕೆ ಅಂದರೆ, ಬಾಲಕ ಇವಾನನ ಪರವಾಗಿ ಅವನ ತಾಯಿ ಎಲೆನಾ ಗ್ಲಿನ್ಸ್ಕಾಯಾ 1535ರಲ್ಲಿ ನಾಣ್ಯ ಸುಧಾರಣೆ ತಂದಾಗ ಕೊಪೆಕ್ ತೂಕ 0.68 ಗ್ರಾಂ. ಇವಾನ್ ಸಾಯುವವರೆಗೂ ಅದೇ ಲೆಕ್ಕ ನಡೆಯಿತು. ಆಮೇಲೆ ಇಳಿಯುತ್ತಾ ಹೋಯಿತು. ಮುಂದೆ ಬಂದ ದೊರೆ ಮಿಖಾಯಿಲ್ ರೊಮಾನೊವ್ ಕಾಲಕ್ಕೆ 0.48ರ ಆಸುಪಾಸು, 1698ರಲ್ಲಿ ದೊರೆ ಪೀಟರ್ ಅದನ್ನು 0.28ಕ್ಕೆ ಇಳಿಸಿದ. ಸವಾರ ಮಾತ್ರ ಹಾಗೇ ಉಳಿದ.

ಭೂತಗನ್ನಡಿ ಹಿಡಿದು ಕೆಳಗಿನ ಸಾಲು ನೋಡಿದೆ. ‘ಅಲೆಕ್ಸೆಯೆವಿಚ್’ ಅನ್ನುವುದರ ಮೂರಕ್ಷರ ಉಳಿದಿತ್ತು. ಅಂದರೆ ಅಲೆಕ್ಸೆಯ ಮಗ. ಇವಾನ್ ದಿ ಟೆರಿಬಲ್‌ನ ಅಪ್ಪ ವಾಸಿಲಿ ಅಲ್ವಾ! ನನಗೆ ಸಿಕ್ಕಿದ್ದು ಐದನೇ ಇವಾನ್, 1682ರಿಂದ 1696ರವರೆಗೆ ಮಲತಮ್ಮ ಪೀಟರ್ ಜೊತೆ ಪಟ್ಟದಲ್ಲಿದ್ದವನು. ನಾಣ್ಯ ಅಸಲಿಯೇ, ಚೀಟಿ ನೂರು ವರ್ಷ ತಪ್ಪು.

ಉಳಿದ ಎರಡು ಇನ್ನೂ ಕೆಟ್ಟವು. ತೂಕ 0.61, 0.62. ಸ್ವಲ್ಪ ಸವೆದಿರಬಹುದು ಅಂತ ಸಮಾಧಾನವಾಯಿತು. ಆದರೆ ಪಕ್ಕಪಕ್ಕ ಇಟ್ಟಾಗ ಕಂಡಿತು: ಎರಡಕ್ಕೂ ಬಲಗಡೆ ಅಂಚು ಒಂದೇ ಥರ ಸಣ್ಣ ಮೂತಿಯಂತೆ ಚಾಚಿದೆ, ಕುದುರೆಯ ಹಿಂಗಾಲಿನ ಹತ್ತಿರ ಒಂದೇ ಕಡೆ ಸೀಳು. ಒಂದೇ ಅಚ್ಚಿನಿಂದ ಸಾವಿರಾರು ನಾಣ್ಯ ಬರಬಹುದು, ಅದು ಸಹಜ. ಆದರೆ ಕೈಯಲ್ಲಿ ಕತ್ತರಿಸಿ ಹೊಡೆದ ಎರಡು ತುಂಡುಗಳ ಅಂಚು, ಸೀಳು ಎಲ್ಲಾ ಒಂದೇ ಆಗಲು ಸಾಧ್ಯವೇ ಇಲ್ಲ. ಮೇಲ್ಮೈಯಲ್ಲಿ ಸೂಜಿಮೊನೆಯಂಥ ಗುಳಿಗಳೂ ಇದ್ದವು. ಅಸಲಿ ನಾಣ್ಯ ಒತ್ತಿ ಮಾಡಿದ ಎರಕದ ಅಚ್ಚಿಗೆ ಬೆಳ್ಳಿ ಕರಗಿಸಿ ಹೊಯ್ದಿದ್ದಾರೆ.

ಮಾರಿದವರಿಗೆ ಬರೆದೆ. ‘ಹಳೇದಲ್ವಾ, ಸವೆದು ತೂಕ ಕಡಿಮೆಯಾಗಿದೆ’ ಅಂದರು. ಈಟಿಯ ತುದಿ ಚೂಪಾಗೇ ಇದ್ದು, ಮೊದಲ ನಾಣ್ಯದ ತೂಕ ಮಾತ್ರ ಹೆಚ್ಚುಕಡಿಮೆ ಅರ್ಧ ಸವೆಯುವುದು ಹೇಗೆ? ಅದಕ್ಕೆ ಉತ್ತರ ಬರಲಿಲ್ಲ. ದುಡ್ಡೂ ಬರಲಿಲ್ಲ.

ಹಾಗಾಗಿ ದುಡ್ಡು ಹಾಕುವ ಮೊದಲು ತಕ್ಕಡಿಯ ಮೇಲಿಟ್ಟ ಫೋಟೋ ಕೇಳಿ, ಎರಡು ದಶಾಂಶ ಕಾಣುವಂತೆ. ಎರಡೂ ಬದಿ, ಜೊತೆಗೆ ಅಂಚು ಬೇಕು ಅನ್ನಿ. ಸುಮ್ನೆ ನೆಪ ಹೇಳಿದರೆ ಬಿಟ್ಟುಬಿಡಿ. ಅದೇ ಮಾರಾಟಗಾರರ ಹಳೆಯ ಫೋಟೋಗಳಲ್ಲಿ ಅದೇ ಆಕಾರ ಇದೆಯಾ ಅಂತ ಹುಡುಕಿ.

ನಿನ್ನೆ ರಾತ್ರಿ ನಾನೂ ಹುಡುಕಿದೆ. ಹೊಸದಾಗಿ ಒಂದು ಹಾಕಿದ್ದಾರೆ, ಬೆಲೆ ಇನ್ನೂ ಜಾಸ್ತಿ. ಬಲಗಡೆ ಅದೇ ಸಣ್ಣ ಮೂತಿ, ಹಿಂಗಾಲಿನ ಹತ್ತಿರ ಅದೇ ಸೀಳು.